ಮೀಟರ್ ಓದುವವನ ತೋಟ

ಮನೆಗಳು ನನಗೆ ನೆನಪಿರುವುದು
ಆರ್.ಆರ್. ನಂಬರಿನಿಂದಲ್ಲ.
ವಿನೋಬನಗರದ ಮೂರನೇ ತಿರುವೆಂದರೆ
ಬೋರ್ಡಿನ ಮೇಲೆ ಹಬ್ಬಿದ ಸೂಜಿಮಲ್ಲಿಗೆ.
ಎಡಗೈಯಲ್ಲಿ ಬಳ್ಳಿ ಎತ್ತಿ ಹಿಡಿದು
ಬಲಗೈಯಲ್ಲಿ ಅಂಕಿ ಒತ್ತಬೇಕು.
ನಿಟುವಳ್ಳಿಯಲ್ಲೊಂದು ದಾಳಿಂಬೆ,
ಅಂಗಳ ಕೆಂಪಾಗುವಷ್ಟು ಹೂ ಉದುರಿಸಿ
ಇವತ್ತಿನವರೆಗೆ ಒಂದು ಕಾಯಿ ಕಟ್ಟಿಲ್ಲ.
ಯಾವ ನಾಯಿ ಯಾವ ಗಿಡದ ನೆರಳಿನದೆಂದು
ಇಲಾಖೆ ಕೇಳಿದರೆ ಬರೆದು ಕೊಟ್ಟೇನು.

ನನ್ನದು ಬಾಡಿಗೆ ಮನೆ, ಎರಡನೇ ಮಹಡಿ.
ಇಪ್ಪತ್ತು ಲೀಟರಿನ ಪೇಂಟ್ ಡಬ್ಬಗಳಲ್ಲಿ
ಮಣ್ಣೂ ನನ್ನ ಹಾಗೆಯೇ
ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದದ್ದು.
ಬಾಷಾ ನಗರದ ಮಂಡಕ್ಕಿ ಭಟ್ಟಿಯ ನೂರುನ್ನಿಸಾ
ಚೀಲ ತುಂಬ ಹೊಟ್ಟಿನ ಬೂದಿ ಕೊಟ್ಟಳು:
"ಮೂರು ದಿನ ಆರಾಕ ಬಿಡ್ರಿ,
ಬಿಸಿ ಹಾಕಿದ್ರ ಬೇರು ಸುಡತೈತಿ."

ಸರ್ವಮಂಗಳಳ ಮಾತು ಬೇರೆ.
"ತಿನ್ನೋದು ಬೆಳೀರಿ. ಹೂವು ಮಾರ್ಕೆಟ್ಟಿನಾಗೆ ಸಿಗತೈತಿ."
ಹರಿಹರದ ರಸ್ತೆಯ ನರ್ಸರಿಯಲ್ಲಿ
ಮೊಣಕಾಲೆತ್ತರಕ್ಕೇ ಮೂರು ಕಾಯಿ ಹೊತ್ತ ನಿಂಬೆ ಸಸಿಯನ್ನು
ತಾನೇ ಆರಿಸಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು.
ವಾರದೊಳಗೆ ಮೂರೂ ಉದುರಿದವು.
ಈಗ ನೆರೆಯವರಿಗೆ ಪಾಠ ಹೇಳುತ್ತಾಳೆ:
ಕಾಯಿ ನೋಡಿ ಮರುಳಾಗಬ್ಯಾಡ್ರಿ, ಕಸಿಯ ಗಂಟು ನೋಡ್ರಿ,
ಗಂಟಿನ ಕೆಳಗೆ ಚಿಗುರಿದ್ರೆ ಅಲ್ಲೇ ಬಿಟ್ಟು ಬರ್ರಿ.
ನಿಂಬೆ ಮಾತ್ರ ಸುಮ್ಮನೆ ಮುಳ್ಳು ಬೆಳೆಸುತ್ತಿದೆ.

ಕೆಟಿಜೆ ನಗರದ ಚನ್ನವೀರಮ್ಮ
ಪ್ರತಿ ತಿಂಗಳೂ ಬಿಲ್ಲಿಗೆ ಜಗಳ ತೆಗೆಯುವಾಕೆ.
ಕಾರಹುಣ್ಣಿಮೆಯ ಮಾರನೇ ದಿನ
ಹಳೇ ದುಪ್ಪಟಿಯಲ್ಲಿ ಕಟ್ಟಿಟ್ಟ ಗೆಡ್ಡೆಗಳನ್ನು ಹರವಿ ಕೂತಿದ್ದಳು.
ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ,
ಮೆತ್ತಗಿದ್ದುದನ್ನು ಕಾಂಪೌಂಡಿನಾಚೆ ಚರಂಡಿಗೆಸೆದು,
"ಈರುಳ್ಳಿ ಆರಿಸಿದಂಗೆ ಕಣಪ್ಪಾ,
ಕುತ್ತಿಗಿ ಗಟ್ಟಿ ಇರಬೇಕು" ಅಂದಳು.
ಒಂದು ಕೊಟ್ಟಳು ನನಗೆ.
ಹೆಸರು ಕೇಳಿದೆ.
"ಹೆಸರು ಕಟ್ಕೊಂಡು ಏನ್ಮಾಡ್ತಿ, ವರ್ಷಕ್ಕೊಂದು ಸಲ ಬರತೈತಿ.
ಇದು ಸಾಲ. ಎರಡು ತಂದುಕೊಡಬೇಕು."

ನೆಟ್ಟೆ. ಬೂದಿ ಹಾಕಿದೆ, ಬೇವಿನ ಹಿಂಡಿ ಹಾಕಿದೆ,
ಡ್ಯೂಟಿ ಮುಗಿಸಿ ಬಂದು ದಿನಾ ನೀರು ಹಾಕಿದೆ.
ಎಲೆ ಬಂತು, ಬಾಳೆ ಸುಳಿಯ ಹಾಗೆ ಅಗಲಗಲ ಎಲೆ.
ಬೇಸಿಗೆ ಬಂತು. ಮತ್ತೂ ಎಲೆ.
ಆ ಕಡೆ ಸಾಲದ ವಾಯಿದೆ ದಾಟಿತು.
ಅವಳ ಮನೆಯ ಮೀಟರನ್ನು
ಗೇಟಿನಿಂದಲೇ ಕತ್ತು ಚಾಚಿ ಓದಿ ಜಾರಿಕೊಳ್ಳುತ್ತಿದ್ದೆ.

ದೀಪಾವಳಿ ಮುಂದೆ ಸಿಕ್ಕಿಬಿದ್ದೆ.
"ಹಳದಿ ಆದ ಎಲಿಗೂ ನೀರು ಹಾಕ್ತೀಯಾ?"
ಹಾಕುತ್ತೇನೆ ಅಂದೆ, ಶಹಬ್ಬಾಸ್‌ಗಿರಿ ಕಾಯುತ್ತ.
"ಉಪಚಾರ ಮಾಡಿ ಸೋಮಾರಿ ಮಾಡಿದಿ ಅದನ್ನ.
ಬಿಲ್ಲು ಕಟ್ಟದವ್ರಿಗೆ ಏನ್ಮಾಡ್ತಿ ನೀನು?
ಹಂಗೇ. ಫ್ಯೂಸ್ ಕೀಳು."

ಕತ್ತರಿಸುವುದು ನನಗೆ ಹೊಸದಲ್ಲ.
ಹಸುಗೂಸಿನ ಮನೆಯ ಫ್ಯಾನು ನಿಲ್ಲಿಸಿ
ತಲೆ ತಗ್ಗಿಸಿ ಮೆಟ್ಟಿಲಿಳಿದಿದ್ದೇನೆ.
ಈ ಡಬ್ಬವನ್ನು ಟ್ಯಾಂಕಿನ ಹಿಂದೆ ತಳ್ಳಿ
ಐದು ತಿಂಗಳು ಅತ್ತ ನೋಡದಿರುವುದು
ಯಾಕೋ ಅದಕ್ಕಿಂತ ಕಷ್ಟವಾಯಿತು.
ಮಾರ್ಚಿನಲ್ಲಿ ಒಮ್ಮೆ ಕದ್ದು ಒಂದು ಲೋಟ ಹಾಕಿದೆ.
ಸರ್ವಮಂಗಳ ನೋಡಿದಳು, ಹೇಳಲಿಲ್ಲ.

ಭರಣಿ ಮಳೆ ಅರ್ಧ ಗಂಟೆ ಬಿತ್ತು, ಧೂಳು ಅಡಗುವಷ್ಟು.
ನಾಲ್ಕನೇ ದಿನ
ಎಲೆಯಿಲ್ಲ, ಏನಿಲ್ಲ, ಬರೀ ಮಣ್ಣಿನಿಂದ
ಚುಕ್ಕೆ ಚುಕ್ಕೆಯ ಒಂದು ದಂಟು.
ಅದರ ತುದಿಗೆ, ವಾರ ಕಳೆಯುವುದರೊಳಗೆ,
ನೂರು ಕೆಂಪು ಕಡ್ಡಿ ಒಟ್ಟಿಗೆ ಗೀರಿದ ಹಾಗೆ
ದುಂಡನೆಯ ಹೂ.

ವಾಸನೆಯಿಲ್ಲ. ಮುಡಿಯಲು ಬರುವುದಿಲ್ಲ. ತಿನ್ನಲಂತೂ.
ಸಾರಿನ ಸೌಟು ಹಿಡಿದೇ ಮೇಲೆ ಬಂದ ಸರ್ವಮಂಗಳ
ಸೌಟು ತೊಟ್ಟಿಕ್ಕುವುದನ್ನೂ ಮರೆತು ನಿಂತಳು.
ಆಮೇಲೆ ಒಲೆಯ ನೆನಪಾಗಿ ಓಡಿದಳು.

ಮತ್ತೆ ಎಲೆ ಒಣಗಿದ ಮೇಲೆ ಡಬ್ಬ ಮಗುಚಿದೆ: ಐದು ಗೆಡ್ಡೆ.
ಗಟ್ಟಿ ಕುತ್ತಿಗೆಯ ಎರಡನ್ನು ಬಿಲ್ಲಿನ ಕಾಗದದಲ್ಲಿ ಸುತ್ತಿ
ಗೇಟು ತೆಗೆದು ಒಳಗೇ ಹೋದೆ.
ಚನ್ನವೀರಮ್ಮ ಒತ್ತಿ ನೋಡಿದಳು.
ದೊಡ್ಡದು ಅಸಲು, ಸಣ್ಣದು ಬಡ್ಡಿ,
ಎರಡನ್ನೂ ದುಪ್ಪಟಿಯೊಳಗೆ ಸೇರಿಸಿದಳು.
"ತಡ ಆಯ್ತಲ್ಲ, ದಂಡ ಎಲ್ಲಿ?"

ಅರವತ್ಮೂರು ಯೂನಿಟ್ಟು ಅಂದೆ.
"ಅರವತ್ಮೂರಾ? ಒಬ್ಬಾಕಿ, ಒಂದು ಬಲ್ಬು!
ಇನ್ನೊಮ್ಮೆ ನೋಡು,
ಕನ್ನಡಕ ಒರೆಸ್ಕೊಂಡು ನೋಡು."