ಎರಡನೇ ಕುರ್ಚಿ

ಹನ್ನೊಂದು ವರ್ಷ ಈ ಕೌಂಟರಿನಲ್ಲಿ ಕೂತು
ಜನರ ಹಲ್ಲುನೋವಿಗೆ ತಾರೀಖು ಕೊಟ್ಟವಳು ನಾನು.
ಇವತ್ತು ಊಟದ ಹೊತ್ತಿಗೆ ಬಾಗಿಲ ಬೋರ್ಡು ತಿರುಗಿಸಿಟ್ಟು
ನಮ್ಮ ಡಾಕ್ಟರಿಗೇ ಒಂದು ತಾರೀಖು ಕೇಳುತ್ತಿದ್ದೇನೆ.

ಒಳಗೆ, ರೋಗಿಗಳ ಎರಡನೇ ಕುರ್ಚಿಯಲ್ಲಿ
ಡಾ. ಲೆಶೆಕ್ ವ್ರೂಬೆಲ್ ಕಣ್ಣು ಮುಚ್ಚಿ ಒರಗಿದ್ದಾರೆ.
"ನೀನೇ ಮಾಡು ಫೋನು, ಮೇವಿಸ್" ಅಂದಿದ್ದರು,
"ನನ್ನ ದನಿಯೂ ಈಗ ನಾರುತ್ತದೆ."
ಬಾಯಿ ಮುಕ್ಕಳಿಸುವ ನೀಲಿ ಬಾಟಲಿಯಲ್ಲಿ
ಏನಿರುತ್ತಿತ್ತೆಂದು ನನಗೆ ಗೊತ್ತಿತ್ತು.
ಗೊತ್ತಿದ್ದೂ ಸೋಮವಾರ ಸೋಮವಾರ
ಹೊಸ ಲೇಬಲ್ ಅಂಟಿಸಿದ್ದೆ.

ಮೊದಲನೆಯವರಲ್ಲಿ ಆರು ವಾರ ಕಾಯಬೇಕು.
ಎರಡನೆಯವರು ಈಜುಕೊಳದ ಬಗ್ಗೆ ಮಾತಾಡಿದರು,
ದೊಡ್ಡ ಹುದ್ದೆಯವರಿಗೆ ಬೇರೆ ಕೋಣೆ, ಲ್ಯಾಪ್‌ಟಾಪಿಗೆ ಅಡ್ಡಿಯಿಲ್ಲ;
ರೇಟು ಕೇಳಿದೆ, ಸಂಗೀತ ಹಾಕಿದರು.
ಮೂರನೆಯದು ನೇಪರ್‌ವಿಲ್ಲಿನಾಚೆ, ಹಳೆಯ ಕಾನ್ವೆಂಟು.
ಫೋನೆತ್ತಿದವಳಿಗೆ ನೆಗಡಿ.

"ಎಷ್ಟು ದಿನದಿಂದ?" ಅಂದಳು.
"ಒಂದರಿಂದ ಹತ್ತರೊಳಗೆ ಎಷ್ಟು ಅಂತೀರಿ?"
ಅಯ್ಯೋ, ಇದು ದಿನಾ ನಾನು ಒಪ್ಪಿಸುವ ಪಾಠ!
ಉತ್ತರ ಮಾತ್ರ ಬಾಯಿಗೆ ಬರಲಿಲ್ಲ.
"ಕೈ ನಡುಗುತ್ತದೆ" ಅಂದೆ. "ಡ್ರಿಲ್ಲು ಹಿಡಿಯುವ ಕೈ."
ಆಚೆ ಕೀಬೋರ್ಡಿನ ಸದ್ದು ನಿಂತಿತು.
ಗುರುವಾರ ಒಂದು ಹಾಸಿಗೆ ಖಾಲಿಯಾಗುತ್ತದಂತೆ.

ಇನ್ನು ಉಳಿದದ್ದು ಕ್ಯಾನ್ಸಲ್ ಮಾಡುವ ಕೆಲಸ.
ಮಿಸೆಸ್ ಓಲ್ಶೆವ್ಸ್ಕಿ, ರೂಟ್ ಕೆನಾಲು.
ಪುಟ್ಟ ಇನೆಸ್, ಬೀಳಲೊಲ್ಲದ ಹಾಲುಹಲ್ಲು.
"ಡಾಕ್ಟರಿಗೆ ಹುಷಾರಿಲ್ಲ."
ಸುಳ್ಳೇನಲ್ಲವಲ್ಲ.
"ಮತ್ತೆ ಯಾವಾಗ ಬರುತ್ತಾರೆ?" ಅಂದರು ಇನೆಸಳ ತಾಯಿ.
ಡೈರಿಯ ಪುಟ ತಿರುವಿದೆ, ಇನ್ನೊಂದು ತಿರುವಿದೆ,
ಪೆನ್ಸಿಲು ಎಲ್ಲೂ ಇಳಿಯಲಿಲ್ಲ.

ಒಳಗೆ ಕುರ್ಚಿಯ ಮೋಟರು:
ಮೇಲಕ್ಕೆ, ಕೆಳಕ್ಕೆ,
ಮತ್ತೆ ಮೇಲಕ್ಕೆ.