ಕಿಸೆಯ ಒಳಮಗ್ಗಲು

ಬ್ಯಾಡಗಿಯೊಳಗ ಬಿಳಿ ಕೋಟು ತೊಡೋದಂದ್ರ
ಹೋಳಿಹುಣ್ಣಿವಿ ದಿನ ಹೊಸ ಅಂಗಿ ಹಾಕ್ಕೊಂಡು
ಓಣಿ ನಡುವ ನಿಂತಂಗ.
ಐದು ವರ್ಷದಿಂದ ನಿಂತೇನಿ ನಾನು.
ಮೆಣಸಿನಕಾಯಿ ಬಣ್ಣ ಹಿಂಡಿ ಪೀಪಾಯಿಗೆ ತುಂಬೋ ಫ್ಯಾಕ್ಟರಿ;
ಬಣ್ಣ ಅಳೆಯೋದು ನನ್ನ ಕೆಲಸ,
ಅಳಿಸೋದು ಫಕೀರವ್ವಂದು.

ಸೂಜಿಮೊನೆಯಷ್ಟು ಹನಿ ಬಿಟ್ಟರ ಸಾಕು,
ಗಾಜಿನ ಕೊಳವೆ ಕೆನ್ನಿಗೆ ಬಡಿದಂಗ ಕೆಂಪಾಗತೈತಿ.
ಯಂತ್ರ ಒಂದು ಅಂಕಿ ಹೇಳತೈತಿ.
ಆ ಅಂಕಿ ಮ್ಯಾಲ ರೇಟು.
ಎಲ್ಲಿಯದೋ ಬಿಸ್ಕೀಟು, ಯಾರದೋ ಸಾಸು
ಆ ಅಂಕಿಯಷ್ಟ ಕೆಂಪಾಗತಾವ.

ಮಂಗಳವಾರ ಎಡಗಿಸೆ ಮ್ಯಾಲ ಕಲೆ ಬಿತ್ತು,
ನಾಕು ಬೆರಳಿನಗಲ.
ಹೆಂಗ ಬಿತ್ತು ಅಂತ ಆಮ್ಯಾಲೆ ಹೇಳತೇನಿ.

ಕುದಿನೀರು ಸುರುವಿದೆ. ಕಲೆ ಕಾಲು ಚಾಚಿತು.
ಸೋಡಾ ಹಾಕಿ ಬ್ರಶ್ಶಿಲೆ ತಿಕ್ಕಿದೆ,
ಎಳಿ ಹರಿದವು, ಬಣ್ಣ ಹರೀಲಿಲ್ಲ.
ಅವ್ವ ಬಾಗಲದಾಗ ನಿಂತು ಕೇಳಿದಳು:
'ಕಲೆ ತೊಳಿಯಾಕತ್ತೀಯೋ
ಜ್ವಾಪಾನ ಮಾಡಾಕತ್ತೀಯೋ?'

ಕೆರಿ ದಂಡಿಗೆ ಮೂರು ಕಲ್ಲು, ಎರಡು ಹಗ್ಗ, ಒಂದು ಬೇವಿನ ಗಿಡ:
ಫಕೀರವ್ವನ ಲಾಂಡ್ರಿ ಅಂದ್ರ ಅಷ್ಟ.
ಕೋಟು ಇಸಗೊಂಡು ಮೂಸಿ ನೋಡಿದಳು.
'ಬಿಸಿನೀರು ಹಾಕಿದಿ?'
ತಲಿ ತಗ್ಗಿಸಿದೆ.
'ಸಾಲಿ ಕಲತಾಕಿ ಅದಿ ತಂಗಿ,
ಕಲೆ ಕಂಡಕೂಡ್ಲೆ ಹೊಡಿಯೋದಲ್ಲ,
ಯಾವೂರು, ಯಾರ ಪೈಕಿ ಅಂತ ಕೇಳಬೇಕು.
ಬೀಟ್ರೂಟು ನೀರಿನವರ ಪೈಕಿ,
ತಣ್ಣೀರಿಗೆ ಸುಮ್ಮನ ಎದ್ದು ಹೋಗತೈತಿ.
ಅರಿಷಿಣ ಸಬ್ಬು ಕಂಡ್ರ ಸಿಟ್ಟಿಲೆ ಕುಂಕುಮಾಗತೈತಿ,
ಅಂಜಬಾರದು, ಎರಡು ಬಿಸಲಿಗೆ ಸಿಟ್ಟು ಇಳೀತೈತಿ.
ನಿಂದು ಮೆಣಸಿನಕಾಯಿ, ಎಣ್ಣಿಯವರ ಪೈಕಿ.
ನೀರಿನ ಮಾತು ಕೇಳೂದಿಲ್ಲ ಅದು.
ಎಣ್ಣಿನ ಕರಿಯಾಕ ಎಣ್ಣಿನ ಹೋಗಬೇಕು.'

ಅಡಗಿ ಎಣ್ಣಿ ನಾಕು ಹನಿ.
ಅಂಚಿನಿಂದ ನಡುವಿಗೆ ಹೆಬ್ಬಟ್ಟಿಲೆ ತೀಡಿದಳು,
ಕೂಸಿನ ನೆತ್ತಿಗೆ ಹಚ್ಚಿದಂಗ, ಅವಸರ ಇಲ್ಲದ.
ಮ್ಯಾಲ ಕಡ್ಲಿಹಿಟ್ಟು. ಹಿಟ್ಟು ಕೆಂಪಾತು,
ಬಟ್ಟಿ ಉಸರು ಬಿಟ್ಟಿತು. ಆಮ್ಯಾಲೆ ಸಬ್ಬು.
ನಾವು ಲ್ಯಾಬಿನೊಳಗ ಕೈಗವಸು ಹಾಕ್ಕೊಂಡು
ದ್ರಾವಕದ ಬಾಟ್ಲಿ ತಗೊಂಡು ಮಾಡೋದು
ಇದನ್ನ, ಇಷ್ಟನ್ನ.
ಆಕಿ ಕೋಟಿಗೆ ಮೂವತ್ತು ರೂಪಾಯಿ.
'ಉಳದದ್ದು ಸೂರ್ಯಪ್ಪಗ ಬಿಡು' ಅಂದಳು,
'ಅವ ಕೂಲಿ ಕೇಳೂದಿಲ್ಲ.'

ಈಗ ಹೇಳತೇನಿ.
ಅವತ್ತು ಯಂತ್ರ ನೂರಾ ಮೂವತ್ತೆಂಟು ಅಂತು.
ದುಂಡಸಿ ಸರ್ ನೂರಾ ಐವತ್ತೈದು ಬರಿ ಅಂದ್ರು.
ದನಿ ಏರಿಸಲಿಲ್ಲ. ಪೆನ್ನು ತಾವ ಕೊಟ್ರು,
ಚಾ ತರಿಸಿದ್ರು, ಸಕ್ಕರಿ ಕಡಿಮಿ ಇರೋದು, ನನಗ ಸೇರೋದು.
ಬರದೆ.
ಖರೇ ಅಂಕಿ ಪೆನ್ಸಿಲಿಲೆ ಬರಕೊಂಡಿದ್ದ ಚೀಟಿ
ಹರಿಯಾಕ ಕೈ ಬರಲಿಲ್ಲ.
ಕೈ ಒರಸೋದೂ ಮರತು ಕಿಸೆಯೊಳಗ ತುರುಕಿದೆ.
ತೊಳಿಯಾಕ ಕೊಡೋ ಮುಂದ ತಗೀಲಿಲ್ಲ;
ಮರತೆನೋ, ನೆನಪಾಗಬಾರದಂತ ಬಿಟ್ಟೆನೋ.

ಶುಕ್ರವಾರ ಹೋದೆ.
ಕೋಟು ಹಗ್ಗದ ಮ್ಯಾಲ, ಕಾಸಿದ ಹಾಲಿನ ಕೆನಿಯಂಗ.
ಎಡಗಿಸೆ ಮಾತ್ರ ಹೊರಗೆಳದು ಬಿಟ್ಟಿದ್ದಳು,
ದಣದ ನಾಯಿ ನಾಲಗಿಯಂಗ ಜೋತುಬಿದ್ದಿತ್ತು,
ತುದಿಗೆ ಇನ್ನೂ ಕೆಂಪು.
'ಹೊರಗಿಂದು ಹೋತು. ಒಳಗ ಬಿಸಲು ಮುಟ್ಟಿರಲಿಲ್ಲ,
ಅದಕ್ಕ ಮಗಚೇನಿ.'

ಬಾಜೂಕ, ಕ್ಲಿಪ್ಪು ಹಾಕಿ, ನನ್ನ ಚೀಟಿ.
'ಓದಾಕ ಬರೂದಿಲ್ಲ ನನಗ.
ಬೇಕಾದದ್ದೇನೋ ಅಂತ ತಗದಿಟ್ಟೆ.'
ಎಣ್ಣಿ ಕುಡದ ಕಾಗದ ಗಾಳಿಗೆ ತಿರುಗಾಕತ್ತಿತ್ತು.
ಬಿಸಲು ಅದರೊಳಗ ಹಾಯ್ದು ಬರತಿತ್ತು.
ಅಂಕಿ ಎರಡೂ ಮಗ್ಗಲಿಗೆ ಕಾಣತಿತ್ತು.

ಮೂವತ್ತು ಕೊಟ್ಟೆ.
ಐದು ತಿರುಗಿ ಕೊಟ್ಟಳು,
ಕೆಲಸ ಇನ್ನೂ ಪೂರಾ ಆಗಿಲ್ಲಂತ.