ಬೇರು ತೊಳೆಯುವ ದಿನ

ಅಲ್ಮೆರಿಯಾದ ಈ ಬಯಲಲ್ಲಿ ನೆಲ ಕಾಣುವುದೇ ಇಲ್ಲ,
ನೀಹರ್ ಊರಿಂದ ಸಮುದ್ರದವರೆಗೂ ಪ್ಲಾಸ್ಟಿಕ್ಕಿನ ಬಿಳಿ ಸೂರು.
ಜೂನ್ ಕೊನೆ. ಕರಬೂಜದ ಕೊಯ್ಲು ಮುಗಿದಿದೆ,
ಬಳ್ಳಿಗಳು ಹಳೆಯ ಹಗ್ಗದ ಹಾಗೆ ನೇತಾಡುತ್ತಿವೆ.
ಒಳಗೆ ನಲವತ್ತನಾಲ್ಕು ಡಿಗ್ರಿ.
ಲಹ್ಸೆನ್ ಕೈಯಲ್ಲಿ ಗುದ್ದಲಿ, ನನ್ನ ಕೈಯಲ್ಲಿ ಬಕೆಟ್ಟು.

ಕಿತ್ತು ರಾಶಿ ಹಾಕಿದರೆ ಮುಗಿಯಿತು,
ಬೇರನ್ನು ಯಾರು ನೋಡುತ್ತಾರೆ?
ಈ ವರ್ಷ ನಾನು ನೋಡುತ್ತೇನೆ ಎಂದಿದ್ದೆ.
ಮೂರು ಸಾಲಿಗೆ ಮೂರು ಬಗೆಯ ನೀರು,
ನಾಲ್ಕು ತಿಂಗಳ ಲೆಕ್ಕ ಒಂದು ನೋಟುಪುಸ್ತಕದಲ್ಲಿ.
ಎಲಾದಿಯೊ ಮಾವ ನಕ್ಕಿದ್ದ:
"ಹಣ್ಣು ಮಾರುವವಳಿಗೆ ಬೇರಿನ ಜಾತಕ ಯಾಕೆ?"

ಮೊದಲ ಸಾಲಿಗೆ ಹನಿನೀರು, ದಿನಕ್ಕೆ ಆರು ಸಲ, ಮೂರು ಮೂರು ನಿಮಿಷ.
ಮೇಲಿನ ಮರಳು ಸರಿಸಿದ ಕೂಡಲೇ ಸಿಕ್ಕಿತು:
ತೂತಿನ ನೇರ ಕೆಳಗೆ ಒಂದು ಮುಷ್ಟಿ,
ಸಿಕ್ಕುಬಿದ್ದ ಬಿಳಿ ನೂಲಿನ ಉಂಡೆ.
ಗೇಣಿನಾಚೆ ಒಂದೆಳೆಯೂ ಇಲ್ಲ.
ಒದ್ದೆಯ ಅಂಚಿಗೆ ಉಪ್ಪು ಉಂಗುರ ಕಟ್ಟಿದೆ,
ನಮ್ಮದೇ ಬಾವಿಯ ಉಪ್ಪು, ನಾವೇ ಉಣಿಸಿದ್ದು.
ಕೂತಲ್ಲಿಗೇ ತುತ್ತು ಬರುವಾಗ ಎದ್ದು ಹೋಗುವವರುಂಟೆ?
ಹಣ್ಣೇನೋ ಅಚ್ಚಿಗೆ ಹಾಕಿದಂತೆ, ಪೆಟ್ಟಿಗೆಗೆ ಐದು.
ಮೇ ತಿಂಗಳಲ್ಲಿ ಪಂಪು ಕೆಟ್ಟ ಮಧ್ಯಾಹ್ನ
ಎಲ್ಲರಿಗಿಂತ ಮೊದಲು ಎಲೆ ಜೋತುಬಿಟ್ಟದ್ದೂ ಇವೇ.

ಎರಡನೆಯದು ಮಾವನ ಕಾಲದ್ದು:
ಸಾಲು ತುಂಬ ಹಾಯಿಸಿ, ಎಂಟು ದಿನ ಮರೆತುಬಿಡುವುದು.
ಬೇರು ದಪ್ಪ, ಆಳ, ಮೊಂಡು.
ಎರಡು ಗಿಡ ಕುತ್ತಿಗೆಯಲ್ಲೇ ಕೊಳೆತಿವೆ.
ಹಸಿದು ಹಸಿದು ಒಮ್ಮೆಗೇ ಉಂಡದ್ದಕ್ಕೆ
ಹಣ್ಣು ಹೊಟ್ಟೆ ಬಿರಿದಿತ್ತು;
ಮಾವ ಅದನ್ನೇ ಆರಿಸಿ ತಿಂದ, ಏನೂ ಮಾತಾಡದೆ.

ಮೂರನೆಯ ಸಾಲಿಗೆ ಹನಿಕೊಳವೆಯನ್ನು
ವಾರವಾರ ನಾಲ್ಕು ಬೆರಳು ಆಚೆ ಸರಿಸಿದೆವು.
ಲಹ್ಸೆನ್ ಹೇಳಿಕೊಟ್ಟದ್ದು. ಝಗೋರಾದಲ್ಲಿ ಅವನ ಅಜ್ಜಿ
ಕಾಲು ಮುರಿದ ಮೇಕೆಮರಿಯ ಮುಂದೆ
ಹಾಲಿನ ಬಟ್ಟಲನ್ನು ಹೀಗೇ ಹಿಂದೆ ಹಿಂದೆ ಎಳೆಯುತ್ತಿದ್ದಳಂತೆ.
ಮರಿ ನಡೆಯಿತೇ ಎಂದೆ.
"ಕುಂಟಿತು. ಆದರೆ ಗುಡ್ಡ ಹತ್ತಿತು."
ಬೇರು ಬೀಸಣಿಗೆಯಂತೆ ಹರಡಿದೆ, ಕವಲಿಗೆ ಕವಲು.

ಇಷ್ಟಕ್ಕೆ ಮುಗಿಸಬಹುದಿತ್ತು.
ಕೊಳವೆ ಸುತ್ತಿಡುವಾಗ ಮೊದಲ ಸಾಲಿನಲ್ಲಿ
ಹದಿನೇಳನೆಯ ತೂತು ಸುಣ್ಣ ಕಟ್ಟಿ ಮುಚ್ಚಿಹೋದದ್ದು ಕಂಡಿತು.
ಯಾವಾಗಿನಿಂದಲೋ. ಕೆಳಗಿನ ಮಣ್ಣು ಬಿಸ್ಕತ್ತು.
ಆ ಬಳ್ಳಿ ಉಳಿದವುಗಳ ಹಾಗೇ ನಿಂತಿತ್ತಲ್ಲ!
ಲಹ್ಸೆನ್ ಗುದ್ದಲಿ ಬಿಟ್ಟು ಬೆರಳಿಗಿಳಿದ.
ಒಂದೇ ಬೇರು, ಹೊಲಿಗೆ ದಾರದಷ್ಟು ಸಣ್ಣ,
ಉಪ್ಪಿನ ಅಂಚು ದಾಟಿ, ಒಣಗಿದ್ದನ್ನು ದಾಟಿ,
ಹದಿನೆಂಟರ ಒದ್ದೆಗೆ ಹೋಗಿ ಸೇರಿತ್ತು.
ಗೇಣು ಹಾಕಿ ಅಳೆದ: ಐದು, ಮೇಲೆ ಎರಡು ಬೆರಳು.
"ಇದನ್ನು ತೊಳೆಯಬೇಡಿ" ಎಂದ.

ನೋಟುಪುಸ್ತಕದಲ್ಲಿ ಬರೆದೆ:
ಗಿಡ ಹದಿನೇಳು. ನೀರು: ಕೊಟ್ಟಿಲ್ಲ.
ಅದರ ಹಣ್ಣು ಯಾವ ಪೆಟ್ಟಿಗೆಗೆ ಹೋಯಿತೋ,
ಯಾವ ಊರಿನಲ್ಲಿ ಯಾರು ಹೋಳು ಮಾಡಿದರೋ,
ಆ ಕಾಲಂ ನಾನು ಇಟ್ಟೇ ಇರಲಿಲ್ಲ.

ಸಂಜೆ ಸೂಜಿ ತಂದು ತೂತಿಗೆ ಚುಚ್ಚಿದೆ.
ಸುಣ್ಣದ ಚೂರೊಂದು ಸಿಡಿಯಿತು.
ಬಳ್ಳಿಯಿಲ್ಲದ ಮಣ್ಣಿಗೆ
ಹನಿ ಬೀಳತೊಡಗಿತು, ಸರಿಯಾದ ಲೆಕ್ಕದಲ್ಲಿ.